ಸಿಗಲಿಲ್ಲ ಎಂದು ಬರೆದ ಹುಡುಗಿ

ನಮ್ಮ ಲೈಬ್ರರಿಯಲ್ಲಿ ಮಕ್ಕಳು ಯಾವ ಪುಸ್ತಕ ಓದಿದ್ದಾರೆ, ಯಾವುದನ್ನು ಮುಟ್ಟಿಲ್ಲ ಎಂದು ತಿಳಿಯಲು ರಿಜಿಸ್ಟರ್ ತೆಗೆಯಬೇಕಾಗಿಲ್ಲ. ಪುಟದ ಅಂಚು ನೋಡಿದರೆ ಸಾಕು. ಹುಣಸೂರು ತಾಲ್ಲೂಕಿನ ಹಳ್ಳಿ ನಮ್ಮದು. ಆಷಾಢ ಬಂತೆಂದರೆ ಹೊಗೆಸೊಪ್ಪು ಮುರಿಯುವುದು, ದಾರದಲ್ಲಿ ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸುವುದು ಶುರು. ಬ್ಯಾರನ್ ಅಂದರೆ ಬೆಂಕಿಯ ಶಾಖ ಕೊಟ್ಟು ಹಸಿರು ಸೊಪ್ಪನ್ನು ಹಳದಿ ಮಾಡುವ ಎತ್ತರದ ಮನೆ. ಶಾಲೆ ಬಿಟ್ಟ ಮೇಲೆ ಮಕ್ಕಳೂ ಸೊಪ್ಪು ಕಟ್ಟಲು ಕೂರುತ್ತಾರೆ. ಹಸಿ ಸೊಪ್ಪಿನ ಅಂಟು ಬೆರಳಿಗೆ ಮೆತ್ತಿ ಕಪ್ಪಾಗುತ್ತದೆ, ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಅದೇ ಬೆರಳಿನಲ್ಲಿ ಪುಟ ತಿರುವಿದರೆ ಕಂದು ಕರೆ ನಿಲ್ಲುತ್ತದೆ. ಮೊದಮೊದಲು ನಾನು ಆ ಕರೆ ಕಂಡು ಮಕ್ಕಳ ಮೇಲೆ ರೇಗುತ್ತಿದ್ದೆ, ಬಾಗಿಲಲ್ಲಿ ಬಕೆಟ್ ಇಟ್ಟು ಕೈ ತೊಳೆಸುತ್ತಿದ್ದೆ. ಈಗ ಕರೆಯಿಲ್ಲದ ಪುಸ್ತಕಗಳನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ನಾಲ್ಕೈದು ವರ್ಷದಿಂದ ಈಚೆಗೆ ಬಂದ ಪುಸ್ತಕಗಳೆಲ್ಲ ಬಂದ ದಿನ ಹೇಗಿದ್ದವೋ ಹಾಗೇ ಇವೆ.

ನಾನು ಈ ಲೈಬ್ರರಿಯ ಮೇಲ್ವಿಚಾರಕಿ. ಪಂಚಾಯಿತಿ ಆಫೀಸಿನ ಪಕ್ಕದ ಒಂದು ಕೋಣೆ, ಎರಡು ಕಬ್ಬಿಣದ ಬೀರು, ಒಂದು ಉದ್ದನೆಯ ಮೇಜು, ಇಷ್ಟೇ ನನ್ನ ಸಾಮ್ರಾಜ್ಯ. ಹುಟ್ಟಿದ್ದು ಕೃಷ್ಣರಾಜನಗರದ ಕಡೆ, ನಾಲೆ ನೀರಿನ ಊರಲ್ಲಿ. ಮದುವೆಯಾಗಿ ಈ ಕೆಂಪು ಮಣ್ಣಿನ ಸೀಮೆಗೆ ಬಂದೆ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಈ ಕೆಲಸಕ್ಕೆ ಸೇರಿದೆ. ಮಕ್ಕಳು ನನ್ನನ್ನು ಮಿಸ್ ಅನ್ನುತ್ತಾರೆ. ಪಾಠ ಮಾಡದ ಮಿಸ್.

ನಮ್ಮ ಕಾಲದಲ್ಲಿ ನಾವು ಭಾರಿ ಓದಿ ಹುಡುಕಿ ಬರೆಯುತ್ತಿದ್ದೆವು ಎಂದು ಕೊಚ್ಚಿಕೊಳ್ಳುವ ನನ್ನ ವಾರಿಗೆಯವರನ್ನು ಕಂಡರೆ ನನಗೆ ಆಗುವುದಿಲ್ಲ. ಏನು ಹುಡುಕುತ್ತಿದ್ದೆವು? ಗೈಡು ಹುಡುಕುತ್ತಿದ್ದೆವು. ಒಂಟೆಯ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಗೈಡಿನ ಒಂಟೆಯೇ ನಲವತ್ತು ನೋಟ್‌ಬುಕ್ಕುಗಳಲ್ಲಿ ಸಾಲಾಗಿ ನಡೆದು ಹೋಗುತ್ತಿತ್ತು, ಒಂದೇ ಕಡೆ ಒಂದೇ ತಪ್ಪಿನೊಂದಿಗೆ. ಮೇಷ್ಟ್ರು ಆ ತಪ್ಪಿಗೂ ಸರಿ ಗುರುತು ಹಾಕುತ್ತಿದ್ದರು, ಅವರ ಕೈಲೂ ಅದೇ ಗೈಡು ಇರುತ್ತಿತ್ತಲ್ಲ. ಆದ್ದರಿಂದ ಫೋನು ಬಂದು ಮಕ್ಕಳನ್ನು ಕೆಡಿಸಿತು ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವವಳಲ್ಲ.

ಹುಡುಕುವುದು ಎಂದರೇನೆಂದು ನನಗೆ ಗೊತ್ತಾದದ್ದು ಕೆಲಸಕ್ಕೆ ಸೇರಿದ ಮೇಲೆ, ಅದೂ ನಾಚಿಕೆಪಟ್ಟು. ಒಂದು ಮಗು ಬಂದು ಚಿಪ್ಪುಹಂದಿ ಏನು ತಿನ್ನುತ್ತದೆ ಎಂದು ಕೇಳಿತು. ನಾನು ಯಾವುದೋ ಲೆಕ್ಕ ಬರೆಯುತ್ತ, ತಲೆ ಎತ್ತದೆ, ಗೆಡ್ಡೆ ಗೆಣಸು ಎಂದುಬಿಟ್ಟೆ. ಮಾರನೆಯ ದಿನ ಆ ಮಗು ಎಲ್ಲರ ಮುಂದೆ, "ಇರ್ವೆ ತಿನ್ನೋದಂತೆ ಮಿಸ್, ನಮ್ ತಾತ ಕಂಡವ್ರಂತೆ" ಎಂದಿತು. ಬೀರು ತೆಗೆದು ಪ್ರಾಣಿಗಳ ಪುಸ್ತಕ ನೋಡಿದರೆ ತಾತನೇ ಸರಿ. ಆ ಪುಸ್ತಕ ನನ್ನ ಬೆನ್ನ ಹಿಂದೆಯೇ ಇತ್ತು.

ಅವತ್ತೇ ಒಂದು ಉದ್ದನೆಯ ನೋಟ್‌ಬುಕ್ ತಂದು ಮೇಜಿನ ಕಾಲಿಗೆ ದಾರದಲ್ಲಿ ಕಟ್ಟಿದೆ. ಅದಕ್ಕೆ ಪ್ರಶ್ನೆ ಪುಸ್ತಕ ಎಂದು ಹೆಸರಾಯಿತು. ಪುಟಕ್ಕೆ ನಾಲ್ಕು ಕಾಲಂ. ಮೊದಲನೆಯದರಲ್ಲಿ ಪ್ರಶ್ನೆ. ಎರಡನೆಯದರಲ್ಲಿ ಪುಸ್ತಕ ಏನು ಹೇಳಿತು, ಎಷ್ಟನೇ ಪುಟ. ಮೂರನೆಯದರಲ್ಲಿ ಮನೆಯ ಹಿರಿಯರು ಏನು ಹೇಳಿದರು. ಕೊನೆಯದರಲ್ಲಿ ಎರಡೂ ಒಪ್ಪಿದವೋ ಇಲ್ಲ ಜಗಳವೋ. ಪುಸ್ತಕಕ್ಕೂ ಅಜ್ಜಿಗೂ ಜಗಳ ಬಿದ್ದರೆ ಮಕ್ಕಳಿಗೆ ಹಬ್ಬ. ಎಲ್ಲೂ ಕಾಣದಿದ್ದರೆ 'ಸಿಗಲಿಲ್ಲ' ಎಂದು ಬರೆಯಬೇಕು, ಖಾಲಿ ಬಿಡಬಾರದು, ಸುಳ್ಳು ತುಂಬಬಾರದು. ಎರಡು ಕಡೆ ನೋಡದೆ ಇದೇ ಸರಿ ಎಂದು ಯಾರೂ ಹೇಳುವಂತಿಲ್ಲ. ಈ ಕಟ್ಟಳೆ ಮಕ್ಕಳಿಗೂ ಸೈ, ನನಗೂ ಸೈ. ಗೆಡ್ಡೆ ಗೆಣಸಿನ ಅವಮಾನ ಆದ ಮೇಲೆ ನಾನು ಬಾಯಿ ಬಿಗಿ ಹಿಡಿದುಬಿಟ್ಟೆ. ಯಾರು ಏನೇ ಕೇಳಿದರೂ ಬೀರುವಿನ ಕಡೆ ಕೈ ತೋರಿಸುವುದು, ಅಷ್ಟೇ.

ಆಮೇಲೆ ಫೋನು ಬಂತು. ನಮ್ಮ ಲೈಬ್ರರಿಗೂ ಎರಡು ಕಂಪ್ಯೂಟರು, ಒಂದು ಪ್ರಿಂಟರು ಬಂದು, ಬೋರ್ಡಿನ ಮೇಲೆ ಡಿಜಿಟಲ್ ಎಂಬ ಪದ ಸೇರಿಕೊಂಡಿತು. ಅದೆಲ್ಲ ಬರಲಿ ಬಿಡಿ, ನಾನೂ ಅಡುಗೆ ನೋಡುವುದು ಫೋನಿನಲ್ಲೇ. ಆದರೆ ಮಕ್ಕಳು ಕೇಳುವ ರೀತಿಯೇ ಬದಲಾಗಿಹೋಯಿತು. ಆನೆ ಯಾಕೆ ಮೈಮೇಲೆ ಮಣ್ಣು ಎರಚಿಕೊಳ್ಳುತ್ತದೆ ಎಂದು ಬರೆಯುತ್ತಿದ್ದವರು "ಆನೆ ಪ್ರಾಜೆಕ್ಟು ಮಿಸ್, ಐದು ಪೇಜು" ಎನ್ನತೊಡಗಿದರು. ಪುಟದ ಸಂಖ್ಯೆ ಮೊದಲು, ಆನೆ ಆಮೇಲೆ.

ಹುಣಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಯಾವ ಕ್ಲಾಸು, ಯಾವ ವಿಷಯ ಎಂದು ಹೇಳಿ, ಒಂದು ಟೀ ಕುಡಿದು ಬರುವಷ್ಟರಲ್ಲಿ ಪ್ರಾಜೆಕ್ಟು ತಯಾರಾಗಿರುತ್ತದೆ, ಬಣ್ಣದ ಪ್ರಿಂಟು, ಸುರುಳಿ ತಂತಿಯ ಬೈಂಡಿಂಗು ಸಮೇತ. ಪಿರಿಯಾಪಟ್ಟಣದಿಂದಲೂ ಎಚ್.ಡಿ. ಕೋಟೆಯಿಂದಲೂ ಹುಡುಕಿಕೊಂಡು ಬರುತ್ತಾರೆ. ಒಮ್ಮೆ ವೀರನಹೊಸಹಳ್ಳಿಯ ಕಡೆಯ ಒಂದು ಕೂಸು ಅಲ್ಲಿಂದ ಆನೆ ಪ್ರಾಜೆಕ್ಟು ಮಾಡಿಸಿಕೊಂಡು ಬಂದು ನನಗೆ ತೋರಿಸಿತು. ನೋಡಿದರೆ ಆಫ್ರಿಕದ ಆನೆ, ಮೊರದಗಲ ಕಿವಿ. ಹಿಂದಿನ ವಾರವಷ್ಟೇ ಇವರ ಹೊಲಕ್ಕೆ ಆನೆ ನುಗ್ಗಿ ರಾಗಿ ತುಳಿದಿತ್ತು. "ನಿಮ್ಮ ಹೊಲಕ್ಕೆ ಬಂದಿದ್ದ ಆನೆ ಹಿಂಗಿತ್ತೇನೇ?" ಎಂದು ಕೇಳಿದೆ. "ಅದು ಬ್ಯಾರೆ ಮಿಸ್. ಇದು ಪ್ರಾಜೆಕ್ಟ್ ಆನೆ" ಎಂದಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಗಾದೆ ಮಾಡಿದವರಿಗೆ ನಮ್ಮ ಪ್ರಾಜೆಕ್ಟುಗಳ ವಿಷಯ ಗೊತ್ತಿರಲಿಲ್ಲ.

ಮೊದಲು ವರ್ಷಕ್ಕೊಂದು ಪ್ರಶ್ನೆ ಪುಸ್ತಕ ತುಂಬುತ್ತಿತ್ತು. ಕೊನೆಯದು ಆರು ವರ್ಷವಾದರೂ ಅರ್ಧ ದಾಟಿರಲಿಲ್ಲ. ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ಆ ಹುಡುಗಿ ಬಂದಳು.

ಎಂಟನೇ ಕ್ಲಾಸು. ಅವ್ವ ಊರಿನವರ ಬ್ಯಾರನ್ನುಗಳಲ್ಲಿ ಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಅಪ್ಪನಿಗೆ ಕೊಪ್ಪದ ಕಡೆ ಮೂಟೆ ಹೊರುವ ಕೆಲಸ, ವಾರಕ್ಕೊಂದು ಸಲ ಮನೆಗೆ ಬರುತ್ತಿದ್ದ. ಮನೆಯಲ್ಲಿ ಇವಳ ಜೊತೆ ಇರುತ್ತಿದ್ದುದು ಅಪ್ಪನ ತಾಯಿ, ಅಜ್ಜಿ. ಇವಳು ಪುಸ್ತಕದ ಮೇಲಿನ ಪ್ರೀತಿಗೆ ಬಂದಳು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಮನೆಯ ಒಂದೇ ಟಚ್ ಫೋನು ಅಪ್ಪನ ಜೇಬಿನಲ್ಲಿ ಕೊಪ್ಪದಲ್ಲಿರುತ್ತಿತ್ತು, ಅದಕ್ಕೆ ಬಂದಳು. ಮೇಜಿನ ಮುಂದೆ ನಿಂತು ದಾರ ಕಟ್ಟಿದ ನೋಟ್‌ಬುಕ್ ತಿರುವಿ ನೋಡಿ, ಕೇಳದೆಯೇ ಪೆನ್ನು ತೆಗೆದುಕೊಂಡು ಬರೆದಳು: 'ಅಣ್ಣೆಸೊಪ್ಪು ತಿನ್ನಬಹುದು ಅಂತ ಮೊದಲು ಯಾರಿಗೆ ಗೊತ್ತಾಯಿತು?'

ಇಂಥ ಪ್ರಶ್ನೆ ನಾನು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ಎರಡು ದಿನ ಬೀರುವಿನಲ್ಲಿದ್ದ ಮೂರೂ ಗಿಡಮೂಲಿಕೆ ಪುಸ್ತಕ ತಿರುವಿ ಹಾಕಿ 'ಸಿಗಲಿಲ್ಲ' ಎಂದು ಬರೆದಳು. ಮೂರನೇ ಕಾಲಮ್ಮಿನಲ್ಲಿ ಅಜ್ಜಿಯ ಉತ್ತರ ಇತ್ತು: 'ಹಸಿದೋರಿಗೆ.' ಇವಳೊಬ್ಬಳು ಹುಡುಕುವುದನ್ನು ಕಲಿತು, ಕಲಿತದ್ದನ್ನು ಬಿಡದೆ ಉಳಿದರೆ ನನ್ನ ಇಷ್ಟು ವರ್ಷದ ಚಾಕರಿ ಸಾರ್ಥಕ ಎಂದುಕೊಂಡೆ. ಆಸೆ ಅಷ್ಟೇ, ಅದಕ್ಕಿಂತ ದೊಡ್ಡದೇನೂ ನನಗೆ ಬೇಕಿರಲಿಲ್ಲ.

ಆ ವರ್ಷ ತಾಲ್ಲೂಕು ಮಟ್ಟದ ಪ್ರಾಜೆಕ್ಟ್ ಸ್ಪರ್ಧೆಗೆ 'ನಮ್ಮ ಸುತ್ತಲಿನ ಸಸ್ಯಗಳು' ಎಂಬ ವಿಷಯ ಕೊಟ್ಟರು. ಗೆದ್ದವರನ್ನು ಮೈಸೂರಿಗೆ ಕಳಿಸುತ್ತಾರೆ. ಇವಳು ಬೆರಕೆ ಸೊಪ್ಪಿನ ಮೇಲೆ ಮಾಡುತ್ತೇನೆ ಎಂದಳು. ಮಳೆಗಾಲದಲ್ಲಿ ಹೊಲದಲ್ಲಿ, ಬದುವಿನಲ್ಲಿ ತಾನಾಗಿ ಹುಟ್ಟುವ ನಾನಾ ಸೊಪ್ಪನ್ನು ಹೆಂಗಸರು ಕಿತ್ತು ಮಡಿಲಿಗೆ ತುಂಬಿಕೊಂಡು ಬಂದು, ಒಟ್ಟಿಗೆ ಬೇಯಿಸಿ ಮಸೆದು ಸಾರು ಮಾಡುತ್ತಾರಲ್ಲ, ಅದು. ಯಾರೂ ಬಿತ್ತುವುದಿಲ್ಲ, ಯಾರೂ ಮಾರುವುದಿಲ್ಲ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂಬುದು ಅಜ್ಜಿಯಂಥವರ ಕೈಬೆರಳಿಗೆ ಗೊತ್ತು.

ಎರಡು ತಿಂಗಳು ಕೆಲಸ ಮಾಡಿದಳು. ಅಜ್ಜಿಯ ಹಿಂದೆ ಹೊಲಕ್ಕೆ ಹೋಗುವುದು, ಒಂದೊಂದು ಸೊಪ್ಪು ತರುವುದು, ಅಜ್ಜಿ ಹೇಳಿದ ಹೆಸರು ಬರೆಯುವುದು, ಲೈಬ್ರರಿಗೆ ಬಂದು ಎಲೆಯನ್ನು ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡುವುದು. ಗಣಿಕೆಸೊಪ್ಪಿನ ವಿಷಯದಲ್ಲಿ ಭಾರಿ ಜಗಳ ಬಿತ್ತು. ಕಾಯಿ ವಿಷ ಎಂದು ಪುಸ್ತಕ ಹೇಳುತ್ತದೆ, ಚಿಕ್ಕಂದಿನಿಂದ ತಿಂದಿದ್ದೇವೆ ಎಂದು ಅಜ್ಜಿ ಹೇಳುತ್ತಾರೆ. ಇವಳು ಬಿಡಲಿಲ್ಲ. ಮತ್ತೆ ಹೋಗಿ ಕೇಳಿದ್ದಾಳೆ. "ಕಾಯಿ ತಿನ್ನೋದು ಅಂದ್ನೇನವ್ವ ನಾನು? ಕರ್ರಗೆ ಅಣ್ಣಾಗ್ಬೇಕು" ಎಂದರಂತೆ ಅಜ್ಜಿ. ಹಸಿರು ಕಾಯಿ ಬೇರೆ, ಕಪ್ಪು ಹಣ್ಣು ಬೇರೆ. ಕೊನೆಯ ಕಾಲಮ್ಮಿನಲ್ಲಿ 'ಜಗಳ' ಹೊಡೆದುಹಾಕಿ 'ಇಬ್ಬರೂ ಸರಿ' ಎಂದು ಬರೆದಳು. ಕಾಲೇಜು ಓದಿದವರಿಗೂ ಈ ಬುದ್ಧಿ ಇರುವುದಿಲ್ಲ ಎಂದು ನಾನು ಪಂಚಾಯಿತಿ ಆಫೀಸಿನವರಿಗೆಲ್ಲ ಹೇಳಿಕೊಂಡು ಬಂದೆ.

ಒಂದು ಮಧ್ಯಾಹ್ನ ಟಿಫನ್ ಡಬ್ಬಿಯಲ್ಲಿ ಮುದ್ದೆ, ಮಸ್ಸೊಪ್ಪು ತಂದಳು. ಅಜ್ಜಿ ಕಳಿಸಿದ್ದು. "ಇದ್ರಲ್ಲಿ ಬದಿನ ಸೊಪ್ಪೇ ಜಾಸ್ತಿ ಮಿಸ್, ಸೀಗಿರುತ್ತೆ" ಎಂದಳು. ಹೊಲದ ಬದುವಿನಲ್ಲಿ ಬೆಳೆಯುವ ಆ ಸೊಪ್ಪಿಗೆ ಅಜ್ಜಿ ಇಟ್ಟುಕೊಂಡ ಹೆಸರು ಅಷ್ಟೇ, ಬದಿನ ಸೊಪ್ಪು. ನಾನು ಡಬ್ಬಿಯನ್ನು ಬೆರಳಿನಲ್ಲಿ ಬಳಿದು ಉಂಡೆ. ನಾಲೆ ನೀರಿನ ಊರಲ್ಲಿ ಇಂಥ ರುಚಿ ಕಂಡಿರಲಿಲ್ಲ.

ಒಟ್ಟು ಇಪ್ಪತ್ತೆರಡು ಸೊಪ್ಪಾಯಿತು. ಹತ್ತೊಂಬತ್ತು ಪುಸ್ತಕದಲ್ಲಿ ಸಿಕ್ಕವು. ಮೂರು ಸಿಗಲಿಲ್ಲ, ಅದರಲ್ಲಿ ಬದಿನ ಸೊಪ್ಪೂ ಒಂದು. "ಈ ಮೂರು ಬಿಟ್ಬುಡ್ಲಾ ಮಿಸ್?" ಎಂದು ಕೇಳಿದಳು. ಬೇಡ ಎಂದೆ. ಹುಡುಕಿದವರಿಗೆ ಮಾತ್ರ ಸಿಗಲಿಲ್ಲ ಎಂದು ಬರೆಯುವ ಯೋಗ್ಯತೆ ಇರುತ್ತದೆ, ಹೆಮ್ಮೆಯಿಂದ ಬರೆ ಎಂದೆ. ಅವಳು ದುಂಡಗಿನ ಅಕ್ಷರದಲ್ಲಿ ಬರೆದಳು: 'ಮೂರು ಪುಸ್ತಕದಲ್ಲಿ ಹುಡುಕಿದೆ. ಸಿಗಲಿಲ್ಲ. ಅಜ್ಜಿ ತಿಂದಿದ್ದಾರೆ.'

ನಿಜ ಹೇಳುತ್ತೇನೆ, ಅಷ್ಟು ಹೊತ್ತಿಗೆ ಅದು ಅವಳ ಸ್ಪರ್ಧೆ ಆಗಿರಲಿಲ್ಲ, ನನ್ನದಾಗಿತ್ತು. ಮೇಜಿನ ಕಾಲಿಗೆ ಕಟ್ಟಿದ ನನ್ನ ನೋಟ್‌ಬುಕ್ಕನ್ನು ತಾಲ್ಲೂಕಿಗೆಲ್ಲ ತೋರಿಸಬೇಕೆಂಬ ಚಪಲ ನನ್ನನ್ನು ಹಿಡಿದಿತ್ತು.

ಎಲೆ ಒಣಗಿಸಿ ಅಂಟಿಸಬೇಕಿತ್ತು. ಪೇಪರಿನ ಮಡಿಕೆಯಲ್ಲಿ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದ್ದೆವು, ಜಡಿಮಳೆ ಹಿಡಿದು ಎಲ್ಲ ಬೂಸ್ಟು ಬಂತು. ಸ್ಪರ್ಧೆಗೆ ನಾಲ್ಕೇ ದಿನ. ಅವಳು ಹೊಸದಾಗಿ ಕಿತ್ತು ತಂದು ಅವ್ವನಿಗೆ ಹೇಳಿದಳು. ಅವ್ವ ತಾನು ಕೂಲಿಗೆ ಹೋಗುವ ಬ್ಯಾರನ್ನಿನ ಯಜಮಾನರನ್ನು ಕೇಳಿ, ಇಪ್ಪತ್ತೆರಡು ಸೊಪ್ಪನ್ನೂ ಹೊಗೆಸೊಪ್ಪಿನಂತೆಯೇ ಒಂದು ಕಡ್ಡಿಗೆ ಕಟ್ಟಿ ಕೆಳಗಿನ ಸಾಲಿಗೆ ನೇತುಹಾಕಿದಳು. ಎಲೆ ಒಣಗಬೇಕು ಎಂದರೆ ನಮ್ಮ ಸೀಮೆಯವರಿಗೆ ಬೇರೆ ಏನು ತೋಚುತ್ತದೆ? ಬ್ಯಾರನ್ ಇಳಿಸಿದಾಗ ಎಲ್ಲ ಎಲೆಗಳೂ ಗರಿಗರಿಯಾಗಿ, ಒಂದೇ ಹೊಂಬಣ್ಣಕ್ಕೆ ತಿರುಗಿದ್ದವು. ಎಷ್ಟು ಚೆನ್ನಾಗಿ ಬಂದಿವೆ ಎಂದು ನಾನೇ ಗೋಂದು ಹಚ್ಚಿಕೊಟ್ಟೆ.

ಸ್ಪರ್ಧೆ ಹುಣಸೂರಿನ ಒಂದು ಶಾಲೆಯಲ್ಲಿ. ಅವ್ವನಿಗೆ ಕೂಲಿ ಬಿಡಲಾಗಲಿಲ್ಲ, ನಾನು ಜೊತೆಗೆ ಹೋದೆ. ಉದ್ದಕ್ಕೂ ಮೇಜು, ಮೇಜಿನ ಮೇಲೆ ತಾಲ್ಲೂಕಿನ ಮಕ್ಕಳ ಪ್ರಾಜೆಕ್ಟುಗಳು. ನಾಲ್ಕು ಪ್ರಾಜೆಕ್ಟುಗಳ ಮೇಲೆ ಒಂದೇ ಸೂರ್ಯಕಾಂತಿ ಹೂವು, ಒಂದೇ ಸುರುಳಿ ತಂತಿ. ಬಸ್ ಸ್ಟ್ಯಾಂಡಿನ ಅಂಗಡಿಯ ಮಾಲು ಎಂದು ದೂರದಿಂದಲೇ ಗೊತ್ತಾಗುತ್ತಿತ್ತು. ತೆರೆದು ನೋಡಿದರೆ ನಮ್ಮ ಸುತ್ತಲಿನ ಸಸ್ಯಗಳಲ್ಲಿ ಹಿಮದಲ್ಲಿ ಬೆಳೆಯುವ ಮರವೂ ಇತ್ತು. ಪುಟದ ಕೆಳಗೆ 'ಇನ್ನಷ್ಟು ಓದಲು ಇಲ್ಲಿ ಒತ್ತಿ' ಎಂಬ ಸಾಲು ಹಾಗೇ ಅಚ್ಚಾಗಿತ್ತು. ನನಗೆ ಒಳಗೊಳಗೇ ನಗು, ಧೈರ್ಯ.

ತೀರ್ಪು ಕೊಡಲು ಬಂದಿದ್ದ ಮೇಷ್ಟ್ರೊಬ್ಬರು ಇವಳ ಮೇಜಿಗೆ ಬಂದರು. ಒಳ್ಳೆಯ ಮನುಷ್ಯರೇ, ಮೆತ್ತಗೆ ಮಾತಾಡುವವರು. ಪುಟ ತಿರುವುತ್ತ ಬಂದು ಒಂದು ಕಡೆ ನಿಂತರು.

"ಸಿಗಲಿಲ್ಲ ಅಂದ್ರೆ ಏನಮ್ಮಾ? ಸರಿಯಾಗಿ ಹುಡುಕಿಲ್ಲ ಅಂತ ತಾನೆ?"

"ಹುಡುಕ್ದೆ ಸಾರ್. ಮೂರು ಪುಸ್ತಕ್ದಲ್ಲೂ ಇಲ್ಲ. ಅಜ್ಜಿ ತಿಂದವ್ರೆ."

"ಈಗಿನ ಕಾಲದಲ್ಲಿ ಸಿಗದೆ ಇರೋದು ಅಂತ ಇದೆಯೇನಮ್ಮಾ" ಎಂದು ನಕ್ಕು, ಜೇಬಿನಿಂದ ಫೋನು ತೆಗೆದು, ಅಂಟಿಸಿದ್ದ ಬದಿನ ಸೊಪ್ಪಿನ ಫೋಟೋ ಹೊಡೆದರು. ಫೋನು ಒಂದು ಗಳಿಗೆ ಯೋಚಿಸಿತು. ಅವರ ಮುಖದ ನಗು ಇಳಿಯಿತು. ಇದು ಹೊಗೆಸೊಪ್ಪಿನ ಜಾತಿಯ ಕಾಡುಗಿಡ, ಎಲೆ ಬೇರು ಎಲ್ಲ ವಿಷ ಎಂದು ಫೋನು ಹೇಳಿತ್ತು.

"ಇದನ್ನ ತಿನ್ನೋ ಸೊಪ್ಪು ಅಂತ ಬರ್ದಿದ್ದೀಯಲ್ಲಮ್ಮಾ! ನಾಳೆ ಯಾರಾದ್ರೂ ಓದಿ, ತಿಂದು, ಹೆಚ್ಚುಕಮ್ಮಿ ಆದ್ರೆ?"

ಕೆಂಪು ಪೆನ್ನಿನಲ್ಲಿ 'ಅಜ್ಜಿ ತಿಂದಿದ್ದಾರೆ' ಎಂಬ ಮಾತಿನ ಸುತ್ತ ಒಂದು ಸುತ್ತು ಹಾಕಿದರು. ಅವರು ಬೈಯಲಿಲ್ಲ, ನಿಜವಾಗಿ ಹೆದರಿದ್ದರು. ಹುಡುಗಿ ತಿರುಗಿ ನನ್ನನ್ನು ನೋಡಿದಳು. ನಾನು ಹಿಂದೆ ನಿಂತಿದ್ದೆ. ಏನು ಹೇಳಲಿ? ಪುಸ್ತಕದಲ್ಲಿ ಇಲ್ಲ, ಫೋನಿನಲ್ಲಿ ವಿಷ ಎಂದು ಬಂದಿದೆ. ಎರಡು ಕಡೆ ನೋಡದೆ ಬಾಯಿ ಬಿಡಬಾರದು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

ಸೂರ್ಯಕಾಂತಿ ಹೂವಿನ ಒಂದು ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಂದು ನಾನು ಗೊಣಗಿಕೊಂಡೇ ಬಸ್ಸು ಹತ್ತಿದೆ. ಹುಡುಗಿ ಕಿಟಕಿ ಪಕ್ಕ ಕೂತು ಫೈಲನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆ ಪುಟ ತೆರೆದು ಕೇಳಿದಳು:

"ಮಿಸ್, ಸಿಗಲಿಲ್ಲ ಅಂತ ಬರೀಬಾರ್ದಾಗಿತ್ತಾ?"

"ಬರೆದಿದ್ದು ಸರಿಯಾಗೇ ಇದೆ ಕಣೆ."

"ಸರಿಯಾಗಿದ್ರೆ ಯಾಕೆ ಸುತ್ತು ಹಾಕಿದ್ರು?"

ಬಸ್ಸಿನಲ್ಲಿ ಸೆಖೆ. ಅವಳ ಫೈಲಿನಿಂದ ಹೊಗೆಸೊಪ್ಪಿನ ಘಾಟು ಬರುತ್ತಿತ್ತು. ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಬ್ಯಾರನ್ನಿನಲ್ಲಿ ಬೆಂದು ಆ ಎಲೆ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿದೆ, ಅದರಂತೆಯೇ ಸುಕ್ಕಾಗಿದೆ. ಫೋನು ಕಂಡಿದ್ದು ಬದುವಿನ ಸೊಪ್ಪನ್ನಲ್ಲ, ನಮ್ಮ ಬ್ಯಾರನ್ನನ್ನು. ಅದನ್ನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಹೂಂ ಎಂದಳು.

ಮಾರನೆಯ ದಿನ ಅವಳ ಕೈಲಿ ಹಸಿ ಸೊಪ್ಪು ತರಿಸಿ, ನನ್ನ ಫೋನಿನಲ್ಲಿ ಅದೇ ರೀತಿ ಮೂರು ಫೋಟೋ ತೆಗೆದೆ. ಮೂರು ಸಲಕ್ಕೆ ಮೂರು ಹೆಸರು ಬಂತು. ಒಂದು ಅಂಗಳದ ಹೂವಿನ ಬಳ್ಳಿ, ಒಂದು ಹತ್ತಿಯ ಸಂಬಂಧ, ಒಂದು ಪಾಲಕ್ಕಿನ ಸಂಬಂಧ. "ನೋಡೇ, ಫೋನಿಗೂ ಫೋನಿಗೂ ಜಗಳ! ಬರಿ ಇದನ್ನ" ಎಂದು ನೋಟ್‌ಬುಕ್ ಮುಂದಿಟ್ಟೆ. ನನಗೆ ಖುಷಿಯೋ ಖುಷಿ. ಅವಳು ಪೆನ್ನು ಮುಟ್ಟಲಿಲ್ಲ.

"ಆ ಸಾರ್‌ದು ದೊಡ್ ಫೋನು ಮಿಸ್. ನಿಮ್ದು ಹಳೇದು."

ಅಷ್ಟು ಹೇಳಿ ಟ್ಯೂಷನ್ನಿಗೆ ಹೊತ್ತಾಯಿತು ಎಂದು ಹೋದಳು. ಅವಳಿಗೆ ಟ್ಯೂಷನ್ ಇರಲಿಲ್ಲ.

ಒಂದು ವಾರವಾಗಿರಬೇಕು. ಲೈಬ್ರರಿಯ ಬಾಗಿಲಲ್ಲಿ ಒಬ್ಬ ಮುದುಕಿ ಚಪ್ಪಲಿ ಬಿಟ್ಟು, ಒಳಗೆ ಬರಬಹುದೋ ಬಾರದೋ ಎಂಬಂತೆ ನಿಂತಿದ್ದರು. ಹುಡುಗಿಯ ಅಜ್ಜಿ. ಅಕ್ಷರ ಬಾರದವರು, ಆ ಹೊಸಿಲು ಯಾವತ್ತೂ ದಾಟಿದವರಲ್ಲ. ಒಳಗೆ ಕರೆದು ಕೂರಿಸಿದೆ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹಸಿ ಸೊಪ್ಪು ಮೇಜಿನ ಮೇಲಿಟ್ಟರು.

"ನೋಡವ್ವ, ಮೊಮ್ಮಗ್ಳು ಇದು ಇಸ ಅಂತಾ ಕುಂತವ್ಳೆ. ಮೊನ್ನೆ ಸಾರು ಮಾಡಿದ್ದೆ, ಮಡಕೆ ಎತ್ಕೊಂಡೋಗಿ ತಿಪ್ಪೆಗೆ ಸುರಿದ್ಲು. ನಾ ಚಿಕ್ಕೋಳಾದಾಗಿಂದ ತಿಂತಾ ಬಂದಿವ್ನಿ. ನನ್ ಮಕ್ಳಿಗೂ ಇಕ್ಕಿವ್ನಿ." ಆಮೇಲೆ ಹೇಳಿದರು, "ಒಂದು ಕೂಸು ತೀರೋಯ್ತು ಕಣವ್ವ ನಂಗೆ, ಮೂರು ವರ್ಸದ್ದು. ಬೇದಿಯಾಗಿ ವೋಯ್ತು. ಅವಾಗ ಏನು ಇಕ್ಕಿದ್ನೋ ಏನೋ ಗ್ಯಾನ ಇಲ್ಲ. ಅದ್ಕೇ ಕೇಳ್ತಾ ಇವ್ನಿ. ಪುಸ್ತಕ್ದಲ್ಲಿ ನೋಡಿ ಏಳು."

ನಾನು ಎದ್ದು ಬೀರು ತೆಗೆದೆ. ಮೂರೂ ಪುಸ್ತಕ ತಂದು ಒಂದೊಂದು ಪುಟ ತಿರುವಿದೆ. ಅದರಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. ಹುಡುಗಿ ತಿರುವಿದ್ದ ಪುಟಗಳ ಅಂಚಿನಲ್ಲಿ ಅವಳ ಬೆರಳಿನ ಕಂದು ಕರೆ ಹಾಗೇ ಇತ್ತು. ಅಜ್ಜಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಸಿಗಲಿಲ್ಲ ಕಣಜ್ಜಿ" ಎಂದೆ.

"ನಿನ್ ಪುಸ್ತಕ್ದಲ್ಲೂ ಇಲ್ವಾ?"

"ಇಲ್ಲ ಅಜ್ಜಿ. ಇಲ್ಲ ಅಂದರೆ ವಿಷ ಅಂತ ಅಲ್ಲ..." ಎಂದು ಶುರುಮಾಡಿದೆ. ಅಜ್ಜಿ ಅಷ್ಟರಲ್ಲಿ ಎದ್ದಿದ್ದರು.

"ಅಂಗಾರೆ ಬುಡವ್ವ" ಎಂದರು. ಸೊಪ್ಪನ್ನು ಮತ್ತೆ ಸೆರಗಿಗೆ ಕಟ್ಟಿಕೊಳ್ಳಲಿಲ್ಲ, ಮೇಜಿನ ಮೇಲೇ ಬಿಟ್ಟು ಹೋದರು.

ಅವರು ಹೋಗಿ, ಪುಸ್ತಕಗಳನ್ನು ಬೀರುವಿಗೆ ಇಟ್ಟು, ಸೊಪ್ಪನ್ನು ಏನು ಮಾಡುವುದೆಂದು ತೋಚದೆ ಕೈಗೆ ಎತ್ತಿಕೊಂಡಾಗ ನೆನಪಾಯಿತು. ನಾನು ಅದನ್ನು ತಿಂದಿದ್ದೇನೆ. ಡಬ್ಬಿ ಬಳಿದು ತಿಂದಿದ್ದೇನೆ. ಇದೇ ಮೇಜಿನ ಮುಂದೆ ಕೂತು ತಿಂದು, ಸಂಜೆಯವರೆಗೆ ಕೆಲಸ ಮಾಡಿ ಮನೆಗೆ ನಡೆದು ಹೋಗಿದ್ದೇನೆ. ಸ್ಪರ್ಧೆಯ ದಿನ ಆ ಮೇಷ್ಟ್ರ ಮುಂದೆ ನಾನೂ ತಿಂದಿದ್ದೇನೆ ಸಾರ್ ಎಂದು ಒಂದು ಮಾತು ಹೇಳಬಹುದಿತ್ತು. ಅಜ್ಜಿಗೂ ಅದನ್ನೇ ಹೇಳಬಹುದಿತ್ತು. ಎರಡು ಸಲವೂ ಬಾಯಿಗೆ ಬರಲಿಲ್ಲ. ನನಗೆ ಉತ್ತರ ಎಂದರೆ ಬೀರುವಿನಲ್ಲಿ ಇರುವುದು, ನನ್ನ ಹೊಟ್ಟೆಯಲ್ಲಿ ಇರುವುದಲ್ಲ. ಇಂಥ ಹೆಡ್ಡಿ ನಾನು, ಮಕ್ಕಳಿಗೆ ಹುಡುಕುವುದನ್ನು ಕಲಿಸಲು ಹೊರಟಿದ್ದೆ.

ಮಾರನೆಯ ದಿನ ಅವರ ಮನೆಗೆ ಹೋದೆ. ಬ್ಯಾರನ್ನಿನ ವಿಷಯ, ಫೋನಿನ ಮೂರು ಹೆಸರಿನ ವಿಷಯ, ನಾನು ಉಂಡ ವಿಷಯ ಎಲ್ಲ ಹೇಳಿದೆ. ಅಜ್ಜಿ ಕಾಫಿ ಕೊಟ್ಟರು. "ನೀನು ಒಳ್ಳೇದಕ್ಕೇ ಏಳ್ತೀಯ ಕಣವ್ವ. ಮನಸ್ಗೇ ಬತ್ತಾ ಇಲ್ಲ, ಏನ್ ಮಾಡ್ಲಿ" ಎಂದರು. ಆ ಒಂದು ಸೊಪ್ಪು ಮಾತ್ರವಲ್ಲ, ಬೆರಕೆ ಸೊಪ್ಪು ಕೀಳುವುದನ್ನೇ ಬಿಟ್ಟಿದ್ದರು. ಒಂದು ಇಸ ಆದ ಮ್ಯಾಲೆ ಮಿಕ್ಕಿದ್ದು ಎಂಗವ್ವ ನಂಬೋದು ಎಂದು ಕೇಳಿದರು. ಹುಡುಗಿ ಒಳಗೆ ಓದುತ್ತಿದ್ದಳು, ಹೊರಗೆ ಬರಲಿಲ್ಲ.

ಈಗ ಅವಳು ಒಂಬತ್ತನೇ ಕ್ಲಾಸು. ಅಪ್ಪ ಹೊಸ ಫೋನು ತೆಗೆದುಕೊಂಡು ಹಳೆಯದನ್ನು ಇವಳಿಗೆ ಕೊಟ್ಟಿದ್ದಾನೆ. ಲೈಬ್ರರಿಗೆ ಬರುವುದಿಲ್ಲ, ದಾರಿಯಲ್ಲಿ ಸಿಕ್ಕರೆ ನಮಸ್ತೆ ಮಿಸ್ ಎನ್ನುತ್ತಾಳೆ. ಹೋದ ತಿಂಗಳು ಬಂದಳು. ಪ್ರಿಂಟ್ ಬೇಕಿತ್ತು. ಈ ವರ್ಷದ ಸ್ಪರ್ಧೆಗೆ ಅದೇ ಬೆರಕೆ ಸೊಪ್ಪಿನ ಪ್ರಾಜೆಕ್ಟು, ಹೊಸದಾಗಿ ಮಾಡಿದ್ದಾಳೆ. ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ಅಚ್ಚುಕಟ್ಟಾದ ಪಟ್ಟಿ, ಇಪ್ಪತ್ತೆರಡು ಸಾಲು, ಎಲ್ಲಿಂದಲೋ ತಂದು ಹಾಕಿದ ಬಣ್ಣದ ಚಿತ್ರಗಳು. ಒಂದು ಚೌಕವೂ ಖಾಲಿ ಇಲ್ಲ. ಹೋದ ವರ್ಷ ಸಿಗದಿದ್ದ ಮೂರಕ್ಕೂ ಉದ್ದುದ್ದ ಹೆಸರು. ಬದಿನ ಸೊಪ್ಪಿನ ಮುಂದೆ 'ವಿಷಕಾರಿ. ತಿನ್ನಬಾರದು' ಎಂದಿತ್ತು.

"ಮೂರೂ ಸಿಕ್ಕವೇನೇ?"

"ಸಿಕ್ಕವು ಮಿಸ್. ಫೋನ್ ಹೇಳ್ತು."

"ಅಜ್ಜಿ ಹೇಳಿದ್ದು ಅಂತ ಒಂದು ಕಾಲಂ ಇತ್ತಲ್ಲ?"

"ಜಾಗ ಸಾಕಾಗ್ಲಿಲ್ಲ ಮಿಸ್" ಎಂದಳು. ತುಂಟತನವಿರಲಿಲ್ಲ, ಕೋಪವೂ ಇರಲಿಲ್ಲ. ಆಮೇಲೆ ಏನೋ ನೆನಪಾದವಳಂತೆ, "ಈ ಸಲ ಎಲ್ಲೂ ಸಿಗಲಿಲ್ಲ ಅಂತ ಬರ್ದಿಲ್ಲ, ನೋಡಿ" ಎಂದು ನನ್ನ ಮೆಚ್ಚುಗೆಗೆ ಕಾಯುತ್ತ ನಿಂತಳು.

ಆ ಸೊಪ್ಪಿನ ಸಾರು ನನ್ನ ನಾಲಿಗೆಯಲ್ಲಿ ಇನ್ನೂ ಸೀಗಿತ್ತು. ಚೆನ್ನಾಗಿದೆ ಎಂದೆ. ಪ್ರಿಂಟ್ ಒತ್ತಿದೆ. ಹಾಳೆಗಳು ಒಂದೊಂದಾಗಿ ಬೆಚ್ಚಗೆ ಬಂದವು, ಅವಳು ಜೋಡಿಸಿಕೊಂಡು ಅಂಚು ಮಡಿಯದಂತೆ ಕವರಿಗೆ ಹಾಕಿಕೊಂಡಳು. ಸೊಪ್ಪು ಕಟ್ಟುವ ಕಾಲ, ಅವಳ ಬೆರಳುಗಳು ಕಪ್ಪಾಗಿದ್ದವು, ಆದರೆ ಹಾಳೆಯ ಮೇಲೆ ಒಂದು ಕರೆಯೂ ಬೀಳಲಿಲ್ಲ.